ಸತ್ಯ ನಾದೆಲ್ಲರನ್ನು ಚಾಟಿ ಮಾಡಿಕೊಂಡವರಿಗೆ

ಹೋದ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನನ್ನ ಸೋದರಳಿಯನ ಹೊಸ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಅವನ ಮಗ ಕುಳಿತಿದ್ದ. ಐ.ಐ.ಟಿ. ಪ್ರವೇಶ ಪರೀಕ್ಷೆಯ ಫಲಿತಾಂಶ ಆಗಷ್ಟೇ ಬಂದಿತ್ತು. ಹುಡುಗನ ಹೆಸರು ಪಟ್ಟಿಯಲ್ಲಿರಲಿಲ್ಲ. ಹೋಳಿಗೆ ಬಡಿಸುತ್ತಿದ್ದ ಅಪ್ಪ, ಹತ್ತು ಜನ ಕೇಳುವಂತೆ ಹೇಳಿದ: “ನೋಡಿ ಮಾವ, ಸತ್ಯ ನಾದೆಲ್ಲ ನಮ್ಮಂಥ ಮನೆಯಲ್ಲೇ ಹುಟ್ಟಿ ಇಡೀ ಮೈಕ್ರೋಸಾಫ್ಟನ್ನು ಆಳುತ್ತಿದ್ದಾರೆ. ಈ ಮಹಾರಾಯನಿಗೆ ಒಂದು ಪರೀಕ್ಷೆ ಪಾಸು ಮಾಡುವುದಕ್ಕಾಗಲಿಲ್ಲ.” ಹುಡುಗ ಎಲೆಯಿಂದ ತಲೆ ಎತ್ತಲಿಲ್ಲ. ಪಂಕ್ತಿಯಲ್ಲಿದ್ದ ಕೆಲವರು ನಕ್ಕರು.

ಅಂದು ನಾನು ಸುಮ್ಮನಿದ್ದೆ. ಶುಭಕಾರ್ಯದ ಮನೆ, ಜಗಳ ಬೇಡವೆನಿಸಿತು. ಅಂದು ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ಅದೇ ವಯಸ್ಸಿನ ಮಕ್ಕಳ ತಂದೆ-ತಾಯಿಗಳು. ನಿಮ್ಮ ಮನೆಗಳಲ್ಲೂ ಈ ಹೆಸರು ಇದೇ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬುದು ನನಗೆ ಗೊತ್ತು.

ಯಾವ ಪರೀಕ್ಷೆಯ ಹೆಸರೆತ್ತಿ ಆ ಹುಡುಗನನ್ನು ಹಂಗಿಸಲಾಯಿತೋ ಆ ಪರೀಕ್ಷೆಯಲ್ಲಿ ಸತ್ಯ ನಾದೆಲ್ಲರೂ ತೇರ್ಗಡೆಯಾಗಿರಲಿಲ್ಲ! ಇದನ್ನು ಅವರೇ 2017ರಲ್ಲಿ ಪ್ರಕಟವಾದ ‘ಹಿಟ್ ರಿಫ್ರೆಶ್’ ಎಂಬ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಅವರ ತಂದೆ ಬಿ.ಎನ್. ಯುಗಂಧರ್ ಐ.ಎ.ಎಸ್. ಅಧಿಕಾರಿಗಳು, ಮಸ್ಸೂರಿಯ ಅಕಾಡೆಮಿಯ ನಿರ್ದೇಶಕರಾಗಿದ್ದವರು, ಮುಂದೆ ಯೋಜನಾ ಆಯೋಗದ ಸದಸ್ಯರಾದವರು. ತಾವು ಬರೆದ ಯಾವ ಪ್ರವೇಶ ಪರೀಕ್ಷೆಯಲ್ಲೂ ಸೋಲದ ಆ ತಂದೆಗೆ ಮಗನ ಸೋಲಿನಿಂದ ಸಿಟ್ಟಿಗಿಂತ ಹೆಚ್ಚಾಗಿ ನಗೆಯೇ ಬಂದಿತಂತೆ. ಈ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ವೃತ್ತಿಯಲ್ಲಿದ್ದಷ್ಟು ಕಾಲ ನಾನು ಕಂಡ ತಂದೆಯರಲ್ಲಿ ಹಾಗೆ ನಕ್ಕವರನ್ನು ಬೆರಳಲ್ಲೇ ಎಣಿಸಿಬಿಡಬಹುದು.

ಆ ಮನೆಯ ಇನ್ನೊಂದು ಸಂಗತಿಯೂ ಆ ಪುಸ್ತಕದಲ್ಲಿದೆ. ತಂದೆ ಮಗನ ಕೋಣೆಯಲ್ಲಿ ಕಾರ್ಲ್ ಮಾರ್ಕ್ಸನ ಚಿತ್ರವನ್ನು ಅಂಟಿಸಿದರಂತೆ. ಸಂಸ್ಕೃತ ವಿದುಷಿಯಾದ ತಾಯಿ ಲಕ್ಷ್ಮಿಯ ಚಿತ್ರವನ್ನು ಅಂಟಿಸಿದರಂತೆ. ಮಗನಿಗೆ ಬೇಕಾದದ್ದು ಮಾತ್ರ ಹೈದರಾಬಾದಿನ ಕ್ರಿಕೆಟಿಗ ಎಂ.ಎಲ್. ಜಯಸಿಂಹ! ಹುಡುಗನಿಗೆ ಕ್ರಿಕೆಟ್ಟಿನ ಹುಚ್ಚು. ಒಂದು ಪಂದ್ಯದಲ್ಲಿ ತಾನು ಕೆಟ್ಟದಾಗಿ ಬೌಲ್ ಮಾಡುತ್ತಿದ್ದಾಗ ನಾಯಕ ಚೆಂಡು ಪಡೆದು ತಾನೇ ಒಂದು ವಿಕೆಟ್ ಉರುಳಿಸಿ, ಮತ್ತೆ ಚೆಂಡನ್ನು ತನ್ನ ಕೈಗೇ ಕೊಟ್ಟ ಪ್ರಸಂಗವನ್ನು ಅವರು ನಾಯಕತ್ವದ ಆರಂಭಿಕ ಪಾಠವೆಂದು ನೆನೆಯುತ್ತಾರೆ. ನನ್ನ ಸೋದರಳಿಯನ ಮನೆಯಲ್ಲಿ ಬ್ಯಾಟು ಎರಡು ವರ್ಷಗಳಿಂದ ಅಟ್ಟ ಸೇರಿದೆ. ಹೊಸ ಮನೆಗೆ ಬರುವಾಗ ಅದನ್ನು ತಂದರೋ ಇಲ್ಲವೋ ನಾನು ಕೇಳಲಿಲ್ಲ.

ಐ.ಐ.ಟಿ. ತಪ್ಪಿದ ಮೇಲೆ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು, ಮೆಸ್ರಾದಲ್ಲಿ ಮೆಕ್ಯಾನಿಕಲ್. ಇನ್ನೊಂದು, ನಮ್ಮ ಮಣಿಪಾಲದಲ್ಲಿ ಎಲೆಕ್ಟ್ರಿಕಲ್. ಕಂಪ್ಯೂಟರಿಗೆ ಹತ್ತಿರವಾದೀತೆಂದು ಎರಡನೆಯದನ್ನು ಆರಿಸಿ, 1988ರಲ್ಲಿ ಪದವಿ ಪಡೆದರು. (ಆಗ ಮಣಿಪಾಲವಿದ್ದದ್ದು ದಕ್ಷಿಣ ಕನ್ನಡದಲ್ಲಿ, ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಮೇಷ್ಟ್ರ ಚಟ, ಕ್ಷಮಿಸಿ.) ಅಲ್ಲಿಂದ ಅಮೆರಿಕದ ಮಿಲ್ವಾಕಿಯಲ್ಲಿ ಸ್ನಾತಕೋತ್ತರ ವ್ಯಾಸಂಗ, ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಕೆಲವು ಕಾಲ ನೌಕರಿ, 1992ರಲ್ಲಿ ಮೈಕ್ರೋಸಾಫ್ಟ್. ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾ ನಿಯಮ ಅಡ್ಡಬಂದಾಗ, 1994ರಲ್ಲಿ, ಜನ ಹಂಬಲಿಸುವ ಗ್ರೀನ್ ಕಾರ್ಡನ್ನೇ ಹಿಂದಿರುಗಿಸಿ ಎಚ್-1ಬಿ ವೀಸಾ ಪಡೆದರು. ಮುಖ್ಯ ಕಾರ್ಯನಿರ್ವಾಹಕ ಪದವಿ ದೊರೆತದ್ದು 2014ರ ಫೆಬ್ರವರಿ 4ರಂದು. ಅಂದರೆ ಅದೇ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಬಳಿಕ. ಹದಿಹರೆಯದ ಒಂದು ಪರೀಕ್ಷೆ ಈ ವೃತ್ತಿಜೀವನದಲ್ಲಿ ಏನನ್ನು ನಿರ್ಧರಿಸಿತು? ಬಲ್ಲವರು ತಿಳಿಸಿ.

“ಅವರು ಕಷ್ಟಪಟ್ಟು ಮೇಲೆ ಬಂದರಲ್ಲವೇ ಸರ್?” ಎಂದು ನಿಮ್ಮಲ್ಲಿ ಯಾರಾದರೂ ಕೇಳುತ್ತೀರಿ. ಪಟ್ಟರು, ಸಂಶಯವಿಲ್ಲ. ಆದರೆ ‘ನಮ್ಮಂಥ ಮನೆ’ ಎಂಬುದು ಶುದ್ಧ ಸುಳ್ಳು. ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದ, ಹದಿನೈದರ ಪ್ರಾಯದಲ್ಲೇ ತಂದೆಯಿಂದ ಕಂಪ್ಯೂಟರ್ ಕಿಟ್ ಪಡೆದ ಬಾಲಕ ಅವರು. ಇದರಿಂದ ಅವರ ಯೋಗ್ಯತೆಗೆ ಕುಂದಿಲ್ಲ. ಆದರೆ ಅವರಿಗೆ ದೊರೆತ ಬಿಡುವು, ನಿರಾಳ, ಸೋಲುವ ಸ್ವಾತಂತ್ರ್ಯ ಇವುಗಳಲ್ಲಿ ಒಂದನ್ನೂ ಕೊಡದೆ, ಅವರ ಫಲವನ್ನು ಮಾತ್ರ ನಮ್ಮ ಮಕ್ಕಳಿಂದ ಕೇಳುವುದು ಯಾವ ನ್ಯಾಯ? ಬೆಳಗಿನ ಐದಕ್ಕೆ ಎಬ್ಬಿಸಿ ಕೋಚಿಂಗಿಗೆ ಅಟ್ಟುವ ನಾವು ಆ ಮನೆಯಿಂದ ಕಲಿತದ್ದಾದರೂ ಏನು?

ಕತ್ತರಿಸಿಬಿಟ್ಟ ಆರಂಭದ ಭಾಗ ಇದಾದರೆ, ಕೊನೆಯ ಭಾಗವನ್ನೂ ನಾವು ಕತ್ತರಿಸಿದ್ದೇವೆ. ಅಧಿಕಾರಕ್ಕೆ ಬಂದ ವರ್ಷದ ಜುಲೈಯಲ್ಲೇ 18,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ನಾದೆಲ್ಲ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ನೋಕಿಯಾದಿಂದ ಬಂದವು. ಆ ನೋಕಿಯಾ ಖರೀದಿಯನ್ನು ತಾವು ಮೊದಲೇ ವಿರೋಧಿಸಿದ್ದಾಗಿ ಅವರು ಬರೆದಿದ್ದಾರೆ. 2015ರಲ್ಲಿ ಅದರ ಬಾಬ್ತು ಸುಮಾರು 760 ಕೋಟಿ ಡಾಲರುಗಳನ್ನು ನಷ್ಟವೆಂದು ಲೆಕ್ಕ ಬರೆಯಬೇಕಾಯಿತು. ಅದು ಹಳೆಯ ಯಜಮಾನರ ತಪ್ಪು, ಒಪ್ಪೋಣ. ಆದರೆ 2023ರ ಜನವರಿಯಲ್ಲಿ 10,000, ಮತ್ತೆ 2025ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಸುಮಾರು 15,000 ಜನರನ್ನು ಮನೆಗೆ ಕಳುಹಿಸಿದ್ದು ಅವರದೇ ಆಡಳಿತ. ಕಂಪನಿ ಭಾರೀ ಲಾಭದಲ್ಲಿದ್ದ ಹೊತ್ತಿನಲ್ಲಿ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಅವರ ಒಟ್ಟು ಸಂಭಾವನೆ 9.65 ಕೋಟಿ ಡಾಲರು. ಕೆಲಸ ಕಳೆದುಕೊಂಡ ಆ ಸಾವಿರಾರು ಮಂದಿಯೂ ಒಂದು ಕಾಲದಲ್ಲಿ ಯಾವುದೋ ಊರಿನ ‘ನೋಡಿ ಕಲಿ’ ಹುಡುಗರೇ ಆಗಿದ್ದಿರಬೇಕು. ಅವರ ಭಾವಚಿತ್ರಗಳನ್ನು ಕೋಚಿಂಗ್ ಕೇಂದ್ರಗಳ ಫ್ಲೆಕ್ಸಿನಲ್ಲಿ ಯಾರೂ ಹಾಕುವುದಿಲ್ಲ.

ಆ ಮನುಷ್ಯನನ್ನು ನಾನು ದ್ವೇಷಿಸುತ್ತೇನೆಂದು ತಿಳಿಯಬೇಡಿ. ಮೈಕ್ರೋಸಾಫ್ಟಿನ ಸಂದರ್ಶನದಲ್ಲಿ, ರಸ್ತೆಯಲ್ಲಿ ಬಿದ್ದು ಅಳುತ್ತಿರುವ ಮಗುವನ್ನು ಕಂಡರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ತುರ್ತುಸೇವೆಗೆ ಫೋನ್ ಮಾಡುತ್ತೇನೆ ಎಂದರಂತೆ. ಮೊದಲು ಮಗುವನ್ನು ಎತ್ತಿಕೊಳ್ಳಬೇಕಪ್ಪ ಎಂದು ಕೇಳಿದವರೇ ತಿದ್ದಿದರು. ಮುಂದೆ 1996ರಲ್ಲಿ ಹುಟ್ಟಿದ ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ ಇತ್ತು. 2022ರಲ್ಲಿ ಅವನು ತೀರಿಕೊಂಡ. ಮಗುವನ್ನು ಎತ್ತಿಕೊಳ್ಳುವುದೆಂದರೇನು ಎಂಬುದನ್ನು ಕಲಿತದ್ದು ಆ ಮಗನಿಂದ, ಹೆಂಡತಿಯಿಂದ ಎಂದು ಅವರು ಒಪ್ಪಿಕೊಂಡಿದ್ದಾರೆ. 2014ರಲ್ಲಿ ಹೆಂಗಸರು ಸಂಬಳ ಹೆಚ್ಚಿಸಿರೆಂದು ಕೇಳದೆ ವ್ಯವಸ್ಥೆಯನ್ನು ನಂಬಬೇಕೆಂದು ಸಭೆಯಲ್ಲಿ ಆಡಿ, ಅದೇ ದಿನ ತಾನು ಹೇಳಿದ್ದು ಪೂರ್ತಿ ತಪ್ಪೆಂದು ಬರೆದುಕೊಟ್ಟರು.

ಒಂದು ದಿನ ಸಾಕಾಯಿತು ಅವರಿಗೆ. ನನಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. 1996ರಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗನನ್ನು, ಗಣಿತದಲ್ಲಿ ಹನ್ನೊಂದು ಅಂಕ ಬಂದದ್ದಕ್ಕಾಗಿ, ಅವನ ಅಪ್ಪನೆದುರಿಗೇ ನಿಲ್ಲಿಸಿ, “ನಿನ್ನ ಅಣ್ಣನ ಕಾಲಿನ ಧೂಳಿಗೂ ನೀನು ಸಮನಲ್ಲ” ಎಂದಿದ್ದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಈಗ ಊರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನಾನು ನಿವೃತ್ತನಾದ ಮೇಲೆ ನಮ್ಮ ಬೋರ್‌ವೆಲ್ ಮೋಟಾರು ಸುಟ್ಟಾಗ ಬಂದು ಸರಿಮಾಡಿಕೊಟ್ಟ, ಹಣ ಮುಟ್ಟಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. “ಫ್ಯೂಸ್ ಒಂದು ಬದಲಾಯಿಸಿಬಿಡಿ ಸರ್” ಎಂದು ಹೇಳಿ ಬೈಕು ಹತ್ತಿದ.

ಆದ್ದರಿಂದಲೇ ಊರಿಗೆ ಬಂದವನೇ ಸೋದರಳಿಯನಿಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳಿದೆ. ಮೊದಲು ಕೋಪಗೊಂಡ, ಆಮೇಲೆ, “ನಿಜವಾಗಿಯೂ ಫೇಲಾಗಿದ್ದರಾ ಮಾವ?” ಎಂದು ಎರಡು ಬಾರಿ ಕೇಳಿದ. ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದೆ. ಅಪ್ಪ ಓದಿದನೋ ಇಲ್ಲವೋ ತಿಳಿಯದು. ಕಳೆದ ಭಾನುವಾರ ಹುಡುಗನೇ ಫೋನ್ ಮಾಡಿದ್ದ.

“ಅಜ್ಜ, ಈ ಜಯಸಿಂಹ ಅಂದರೆ ಯಾರು?”

1968ರಲ್ಲಿ ತಂಡ ಸಂಕಷ್ಟದಲ್ಲಿದ್ದಾಗ ಅವರನ್ನು ಆಸ್ಟ್ರೇಲಿಯಕ್ಕೆ ಕರೆಸಿಕೊಂಡದ್ದನ್ನೂ, ಅಭ್ಯಾಸವಿಲ್ಲದೆ ನೇರವಾಗಿ ಬ್ರಿಸ್ಬೇನ್ ಟೆಸ್ಟಿಗಿಳಿದು 74 ಮತ್ತು 101 ಹೊಡೆದದ್ದನ್ನೂ ಹೇಳತೊಡಗಿದೆ. ಅರ್ಧ ಗಂಟೆಯಾದರೂ ಅವನು ಫೋನ್ ಇಡಲಿಲ್ಲ.