ಎತ್ತರದ ಜೀಪು, ಹಿಂದೆ ಕೂತವರ ಸೊಂಟ

ಯಾವಾಗಲೂ ಅಡಿಕೆ, ಕೊಳೆರೋಗ, ನಾಲೆ ನೀರು ಅಂತ ಬರೆಯೋನು ಇವತ್ತು ಜೀಪಿನ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಇದೆ, ನಡುವೆ ಲೆಕ್ಕಾನೂ ಬರುತ್ತೆ. ಕೊನೆಕೊಯ್ಲು ಶುರುವಾಗೋ ಹೊತ್ತು, ಗಾಡಿ ತುಂಬ ಜನ ಕೂರಿಸ್ಕೊಂಡು ತೋಟಕ್ಕೆ ಹೋಗೋ ದಿನಗಳು ಬಂದ್ವು. ಅದಕ್ಕೆ ಈಗಲೇ ಬರೆದುಬಿಡೋಣ ಅನ್ನಿಸ್ತು.

ನಮ್ಮ ಕಡೆ ಗಾಡಿ ಎತ್ತರಿಸೋ ಹುಚ್ಚು ಜೋರಾಗಿದೆ. ಭದ್ರಾವತಿಯಿಂದ ಹೊರಟು ಮಾಚೇನಹಳ್ಳಿ ದಾಟಿ ಶಿವಮೊಗ್ಗ ಸೇರೋದ್ರೊಳಗೆ ಬಿ.ಎಚ್. ರಸ್ತೇಲಿ ಒಂದೆರಡಾದ್ರೂ ಎತ್ತರಿಸಿದ ಥಾರ್ ಎದುರಾಗುತ್ತೆ. ಹಳೇ ಜೀಪಿನವರು ಕಮಾನು ಪಟ್ಟಿ ಸೇರಿಸ್ತಾರೆ, ಹೊಸ ಗಾಡಿಯವರು ಸುರುಳಿ ಸ್ಪ್ರಿಂಗೇ ಬದಲಾಯಿಸ್ತಾರೆ. ಕಾರಣ ಕೇಳಿದ್ರೆ ಎಲ್ಲರದ್ದೂ ಒಂದೇ: "ನಮ್ ತೋಟದ ದಾರಿ ನೋಡಿದೀರಲ್ಲ ಮಾರಾಯ್ರೆ." ನೋಡಿದೀನಿ. ನನ್ನ ದಾರಿನೂ ಅದೇ, ನಾಲೆ ಏರಿ ಮೇಲೆ ಒಂದೂವರೆ ಕಿಲೋಮೀಟರ್, ಆಮೇಲೆ ಗದ್ದೆ ಬದಿ ಕೊರಕಲು. ನಾನೂ ಎತ್ತರಿಸಿದೋನೇ. ಹಾಗಾಗಿ ಇದನ್ನ ಬೈಗುಳ ಅಂತ ಓದಬೇಡಿ, ಕೈ ಸುಟ್ಕೊಂಡವನ ಮಾತು ಅಂತ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎತ್ತರ ಬೇರೆ, ಗಡಸು ಬೇರೆ. ನಾವು ಎತ್ತರಕ್ಕೆ ಅಂತ ದುಡ್ಡು ಕೊಟ್ಟು ಗಡಸನ್ನ ಮನೆಗೆ ತರ್ತಿದೀವಿ. ಅದರ ಪೆಟ್ಟು ಬೀಳೋದು ಸ್ಟೇರಿಂಗ್ ಹಿಡಿದವನಿಗಲ್ಲ, ಹಿಂದೆ ಕೂತವರಿಗೆ.

ನನ್ನದು ಹಳೇ ಮಹೀಂದ್ರ ಜೀಪು, ಮುಂದೆ ಹಿಂದೆ ಎರಡೂ ಕಡೆ ಕಮಾನು ಪಟ್ಟಿ. ಹಿಂದೆ ಒಂದೊಂದು ಕಡೆ 6 ಪಟ್ಟಿ ಇದ್ವು. ವಯಸ್ಸಾಗಿ ಕಮಾನು ಇಳಿದು ಚಪ್ಪಟೆ ಆಗಿತ್ತು. ಒಂದು ಮಳೆಗಾಲ ಅಡಿ ಬಡಿದು ಬಡಿದು ಬೇಜಾರಾಗಿ ಗ್ಯಾರೇಜಿಗೆ ಕೊಟ್ಟೆ. ಅವನು ಎರಡೂ ಕಡೆ ಎರಡೆರಡು ದಪ್ಪ ಪಟ್ಟಿ ಸೇರಿಸಿ, "ಇನ್ನು ಹತ್ತು ವರ್ಷ ಕೇಳಂಗಿಲ್ಲ" ಅಂದ. ಹಿಂಭಾಗ ಮೂರು ಇಂಚು ಎದ್ದಿತು. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಆ ವರ್ಷ ಅಡಿಕೆ ಸುಲಿಯೋಕೆ ಬರೋ ಹೆಂಗಸರನ್ನ ದಿನಾ ಬೆಳಿಗ್ಗೆ ಕರ್ಕೊಂಡು ಬರ್ತಿದ್ದೆ. ಎರಡನೇ ವಾರಕ್ಕೆ ಅವರಲ್ಲಿ ಹಿರಿಯಾಕೆ ಹೇಳಿದ್ರು, "ಅಣ್ಣಾ, ನಿಮ್ ಜೀಪು ಬ್ಯಾಡ, ನಾವು ಆಪೆ ಗಾಡೀಲಿ ಬರ್ತೀವಿ, ಬಾಡಿಗೆ ನಾವೇ ಕೊಡ್ತೀವಿ." ನಾನು ನಕ್ಕೆ. ನನಗೇನೂ ಅಂಥ ಕುಲುಕಾಟ ಗೊತ್ತಾಗಿರಲಿಲ್ಲ. ಅದಾಗಿ ನಾಲ್ಕು ದಿನಕ್ಕೆ ನಾಲೆ ಏರಿ ಮೇಲೆ ಒಂದು ಗುಂಡಿಗೆ ಇಳಿದು ಎದ್ದಾಗ ಹಿಂದೆ ಒಬ್ಬಾಕೆ ಕಿರುಚಿದ್ರು. ಸೀಟಿಂದ ಮೇಲೆದ್ದು ವಾಪಸ್ ಬಿದ್ದಿದ್ರು. ಸೊಂಟ ಹಿಡಿಯಿತು. ಮೂರು ವಾರ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆ ಖರ್ಚು, ಕೂಲಿ ಕೊಟ್ಟೆ. ಆದ್ರೆ ಅವರು ಮೊದಲಿನ ಹಾಗೆ ಕುಕ್ಕರಗಾಲಲ್ಲಿ ಕೂತು ಸುಲಿಯೋಕೆ ಆಗ್ತಾ ಇಲ್ಲ ಇವತ್ತಿಗೂ.

ಆಮೇಲೆ ಒಂದು ದಿನ ತಮ್ಮನ ಕೈಗೆ ಸ್ಟೇರಿಂಗ್ ಕೊಟ್ಟು ನಾನೇ ಹಿಂದೆ ಕೂತೆ. ನೀವೂ ಕೂರಿ ಒಂದ್ಸಲ. ಡ್ರೈವರ್ ಸೀಟು ಎರಡು ಅಚ್ಚುಗಳ ನಡುವೆ ಇರುತ್ತೆ, ಕೆಳಗೆ ಫೋಮ್ ಇರುತ್ತೆ, ಕೈಗೆ ಸ್ಟೇರಿಂಗ್ ಇರುತ್ತೆ, ಗುಂಡಿ ಮೊದಲೇ ಕಾಣುತ್ತೆ, ಮೈ ಬಿಗಿ ಹಿಡೀತೀವಿ. ಹಿಂದಿನ ಅಡ್ಡ ಸೀಟು ಹಿಂದಿನ ಅಚ್ಚಿನ ನೆತ್ತಿ ಮೇಲೇ ಇದೆ. ಅಲ್ಲಿ ಕೂತವರಿಗೆ ಗುಂಡಿ ಕಾಣಲ್ಲ, ಹಿಡ್ಕೊಳೋಕೆ ಟಾಪಿನ ಪೈಪು ಬಿಟ್ರೆ ಏನೂ ಇಲ್ಲ. ಮನೆ ತಲುಪೋ ಹೊತ್ತಿಗೆ ನನಗೆ ಮಾತಾಡೋಕೆ ಮುಖ ಇರಲಿಲ್ಲ.

ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದ ನೆಂಟರೊಬ್ಬರು ನಮಗಿದ್ದಾರೆ. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಊರು ನಮ್ಮದು, ಉಕ್ಕಿನ ಗುಣ ತಿಳಿದವರು ಇಲ್ಲಿ ಬೀದಿಗೊಬ್ಬರು ಸಿಗ್ತಾರೆ. ಆದ್ರೂ ನಾವು ಕೇಳೋದು ಮೊಬೈಲನ್ನ. ಅವರು ಜೀಪಿನ ಕೆಳಗೆ ಬಗ್ಗಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಹೊಸ ಪಟ್ಟಿ ದಪ್ಪ ಎಷ್ಟಯ್ಯ?" ಅಳೆದೆ. ಹಳೇದು 6 ಮಿ.ಮೀ., ಹೊಸದು 8 ಮಿ.ಮೀ.

"ಎರಡು ಮಿಲಿಮೀಟರ್ ತಾನೇ" ಅಂದೆ. ಅವರು ವಿವರಿಸಿದ್ದು ಹೀಗೆ: ಪಟ್ಟಿಗಳ ಸಂಖ್ಯೆ ಹೆಚ್ಚಿದ್ರೆ ಗಡಸು ಅದೇ ಲೆಕ್ಕದಲ್ಲಿ ಹೆಚ್ಚುತ್ತೆ, ಆರು ಇದ್ದದ್ದು ಏಳಾದ್ರೆ ಆರರಲ್ಲಿ ಒಂದು ಪಾಲು ಜಾಸ್ತಿ. ಆದ್ರೆ ದಪ್ಪದ ಲೆಕ್ಕ ಹಾಗಲ್ಲ. ದಪ್ಪ ಎರಡರಷ್ಟಾದ್ರೆ ಗಡಸು ಎಂಟರಷ್ಟಾಗುತ್ತೆ. 6ನ್ನ ಮೂರು ಸಲ ಗುಣಿಸಿದ್ರೆ 216, 8ನ್ನ ಮೂರು ಸಲ ಗುಣಿಸಿದ್ರೆ 512. ಅಂದ್ರೆ ಒಂದು ಹೊಸ ಪಟ್ಟಿ ಹಳೇ ಎರಡು ಪಟ್ಟಿಗಿಂತ ಗಡಸು. ನಾನು ಆರಕ್ಕೆ ಎರಡು ಸೇರಿಸಿದೆ ಅಂದ್ಕೊಂಡಿದ್ದೆ, ನಿಜವಾಗಿ ಆರಕ್ಕೆ ಸುಮಾರು ಐದು ಸೇರಿಸಿದ್ದೆ.

ನಂಬಿಕೆ ಬರಲಿಲ್ಲ. ಡಿಎಪಿ ಚೀಲ ತಂದು ಅಳೆದೆ. ಇದನ್ನ ಯಾರು ಬೇಕಾದ್ರೂ ಮಾಡಬಹುದು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಅಚ್ಚಿಂದ ಚಾಸಿಗೆ ಎಷ್ಟು ಅಂತರ ಇದೆ ಟೇಪಲ್ಲಿ ಅಳೀರಿ. ನೆಲದಿಂದ ಅಳೀಬೇಡಿ, ಟೈರೂ ಕುಗ್ಗುತ್ತೆ, ಲೆಕ್ಕ ತಪ್ಪುತ್ತೆ. ಆಮೇಲೆ ಸರಿಯಾಗಿ ಅಚ್ಚಿನ ಮೇಲೆ 50 ಕೆಜಿಯ ಆರು ಚೀಲ ಇಟ್ಟು, ಗಾಡಿನ ಎರಡು ಸಲ ಕುಲುಕಿ (ಪಟ್ಟಿ ಒಂದಕ್ಕೊಂದು ಕಚ್ಚಿಕೊಂಡಿರುತ್ತೆ), ಮತ್ತೆ ಅಳೀರಿ. ಯೂರಿಯಾ ಚೀಲ ಆದ್ರೆ 45 ಕೆಜಿ, ಮರೀಬೇಡಿ. ದಪ್ಪ ಪಟ್ಟಿ ಇದ್ದಾಗ 300 ಕೆಜಿಗೆ ನನ್ನ ಜೀಪು ಇಳಿದದ್ದು 2.8 ಸೆಂ.ಮೀ. ಪಟ್ಟಿ ತೆಗೆಸಿದ ಮೇಲೆ ಅದೇ ಚೀಲಕ್ಕೆ 5 ಸೆಂ.ಮೀ. ಅಂದ್ರೆ ಒಂದು ಸೆಂಟಿಮೀಟರ್ ಕುಗ್ಗೋಕೆ ಮೊದಲು 60 ಕೆಜಿ ಸಾಕಿತ್ತು, ಎತ್ತರಿಸಿದ ಮೇಲೆ 107 ಕೆಜಿ ಬೇಕಾಯ್ತು. ಇದಕ್ಕೇ ಸ್ಪ್ರಿಂಗ್ ರೇಟ್ ಅಂತಾರೆ. ಮೊದಲ ಸಲ ಕೇಳಿದಾಗ ನಾನು ಬೆಲೆ ಕೇಳ್ತಿದ್ದಾರೆ ಅಂದ್ಕೊಂಡು ರೂಪಾಯಿ ಹೇಳಿದ್ದೆ!

ಈ ಅಂಕಿಗೂ ಸೊಂಟಕ್ಕೂ ಏನು ಸಂಬಂಧ? ಸ್ಪ್ರಿಂಗ್ ಮೇಲೆ ಕೂತ ಭಾರಕ್ಕೆ ಒಂದು ತೂಗಾಟ ಇರುತ್ತೆ, ತೊಟ್ಟಿಲಿಗೆ ಇರೋ ಹಾಗೆ. ತೂಗಾಟ ನಿಧಾನ ಆದ್ರೆ ನಿದ್ದೆ, ಜೋರಾದ್ರೆ ಒನಕೆ ಕುಟ್ಟಿದ ಹಾಗೆ. ಲೆಕ್ಕ ಸುಲಭ: ಮೇಲಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಗ್ಗಿದೆಯೋ ಅದರ ವರ್ಗಮೂಲದಿಂದ 300ನ್ನ ಭಾಗಿಸಿ, ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತೆ ಅಂತ ಬರುತ್ತೆ. ವೇ ಬ್ರಿಡ್ಜ್ ಮೇಲೆ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ತೂಗಿಸಿ, ಅಚ್ಚು ಟೈರಿನ ತೂಕ ಅಂದಾಜಲ್ಲಿ ಕಳೆದ್ರೆ ನನ್ನ ಖಾಲಿ ಜೀಪಿನ ಹಿಂದಿನ ಪಟ್ಟಿಗಳ ಮೇಲೆ ಸುಮಾರು 450 ಕೆಜಿ ಕೂರುತ್ತೆ. ಹಳೇ ಪಟ್ಟಿಯಲ್ಲಿ ಇದು ನಿಮಿಷಕ್ಕೆ 110 ಸಲ, ದಪ್ಪ ಪಟ್ಟಿಯಲ್ಲಿ 146 ಸಲ. ಒಳ್ಳೇ ಕಾರು 60ರಿಂದ 90ರೊಳಗೆ ಇರುತ್ತೆ. ಆರು ಜನ ಹೆಂಗಸರು ಕೂತ್ರೆ 300 ಕೆಜಿ ಅಂತಿಟ್ಕೊಳ್ಳಿ. ಹಳೇ ಪಟ್ಟಿಯಲ್ಲಿ 85ಕ್ಕೆ ಇಳಿಯುತ್ತೆ, ಕಾರಿನ ಹಾಗೆ. ದಪ್ಪ ಪಟ್ಟಿಯಲ್ಲಿ 113. ಅಂದ್ರೆ ಜನ ತುಂಬಿದ ನನ್ನ ಎತ್ತರದ ಜೀಪು, ಮೊದಲಿನ ಖಾಲಿ ಜೀಪಿಗಿಂತಲೂ ಒರಟು. "ಲೋಡ್ ಇದ್ರೆ ಗಾಡಿ ಮೆತ್ತಗೆ ಹೋಗುತ್ತೆ" ಅಂತ ನಾವೆಲ್ಲ ಹೇಳ್ತೀವಲ್ಲ, ಅದರ ಒಳಗುಟ್ಟು ಇಷ್ಟೇ. ನಾನು ಹಾಕಿಸಿದ ಪಟ್ಟಿಗೆ ಜನರ ಭಾರ ಲೋಡೇ ಅಲ್ಲ.

ಇನ್ನು ಎತ್ತರದ ಮಾತು. ಇದು ನನಗೆ ಅತಿ ಹೆಚ್ಚು ಹೊಟ್ಟೆ ಉರಿಸಿದ ವಿಷಯ. ನಮ್ಮ ಕೊರಕಲಲ್ಲಿ ಮೊದಲು ನೆಲಕ್ಕೆ ತಾಗೋದು ಯಾವುದು? ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಇರೋ ಹೌಸಿಂಗ್. ಅದು ಸ್ಪ್ರಿಂಗಿನ ಕೆಳಗಿದೆ. ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಚಾಸಿ ಏಳುತ್ತೆ, ಬಾಡಿ ಏಳುತ್ತೆ, ಹೌಸಿಂಗ್ ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ಟೈರಿನ ಹೆಚ್ಚಿದ ಎತ್ತರದ ಅರ್ಧದಷ್ಟು. ಮೂರು ಇಂಚು ಎತ್ತರಿಸಿದ ಮೇಲೂ ನನ್ನ ಜೀಪು ಅದೇ ಕೊರಕಲಲ್ಲಿ ಅದೇ ಜಾಗದಲ್ಲಿ ಕೂತಿತು. ಅವತ್ತು ಟ್ರ್ಯಾಕ್ಟರ್ ತಂದು ಎಳೆದವನು ಪಕ್ಕದ ತೋಟದವನೇ, ಅವನೂ ಇದನ್ನ ಓದ್ತಾನೆ, ನಗ್ತಾನೆ.

ಎತ್ತರಿಸಿದ್ದಕ್ಕೆ ಬೇರೆ ಬಾಬತ್ತುಗಳೂ ಬಂದ್ವು. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಾಗಿ ಯುಜೆ ಕ್ರಾಸ್ ಬೇಗ ಹೋಯ್ತು. ಹಳೇ ಶಾಕ್ ಅಬ್ಸಾರ್ಬರ್ ಉದ್ದ ಸಾಲದೆ, ಚಕ್ರ ಗುಂಡಿಗೆ ಇಳಿದಾಗ ಪೂರ್ತಿ ಎಳೆದು "ಟಕ್" ಅಂತ ಹೊಡೀತಿತ್ತು. ಏರಿ ಮೇಲೆ ಒಂದು ಕಡೆ ವಾಲಿದಾಗ ಎದೆ ಝಲ್ ಅನ್ನೋದು ಬೇರೆ.

ಹಾಗಾದ್ರೆ ಗಡಸು ಪಟ್ಟಿ ಯಾರಿಗೂ ಬೇಡವಾ? ಬೇಕು. ಪಿಕಪ್ ಇಟ್ಟು ದಿನಾ ಟನ್ನುಗಟ್ಟಲೆ ಹೊರೋರಿಗೆ ಬೇಕೇ ಬೇಕು. ಮೆತ್ತಗಿನ ಸ್ಪ್ರಿಂಗ್ ಭಾರಕ್ಕೆ ಪೂರ್ತಿ ಕುಗ್ಗಿ ರಬ್ಬರ್ ಸ್ಟಾಪಿಗೆ ಬಡಿದ್ರೆ ಆ ಪೆಟ್ಟು ಇನ್ನೂ ಕೆಟ್ಟದು. ಪ್ರಶ್ನೆ ಇರೋದು ನಿಮ್ಮ ಗಾಡಿ ವರ್ಷದಲ್ಲಿ ಎಷ್ಟು ದಿನ ಭಾರ ಹೊರುತ್ತೆ ಅನ್ನೋದು. ನನ್ನ ಜೀಪು ಗೊಬ್ಬರ ತರೋದು, ಶಿವಮೊಗ್ಗ ಎಪಿಎಂಸಿಗೆ ಅಡಿಕೆ ಒಯ್ಯೋದು ಸೇರಿ ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಆದ್ರೆ ಹೆಚ್ಚು. ಉಳಿದ ದಿನ ಖಾಲಿ, ಇಲ್ಲ ಜನ. ಆ ಇಪ್ಪತ್ತು ದಿನಕ್ಕೆ ಬಾಡಿಗೆ ಪಿಕಪ್ ಸಿಗುತ್ತೆ.

ಹೊಸ ಗಾಡಿ ಇಟ್ಟ ಹುಡುಗರಿಗೆ ಒಂದು ಮಾತು. 2020ರ ಥಾರ್‌ಗೆ ಹಿಂದೆ ಸುರುಳಿ ಸ್ಪ್ರಿಂಗ್ ಬಂತು, ಅದಕ್ಕಿಂತ ಹಿಂದಿನ ಥಾರ್‌ಗೆ ಪಟ್ಟಿ ಇತ್ತು. ಮಾರುತಿಯವರು ಜಿಪ್ಸಿಗೆ ನಾಲ್ಕೂ ಕಡೆ ಪಟ್ಟಿ ಕೊಟ್ಟಿದ್ರು, 2023ರಲ್ಲಿ ಬಂದ ಜಿಮ್ನಿಗೆ ನಾಲ್ಕೂ ಕಡೆ ಸುರುಳಿ. ಕಂಪನಿಯವರೇ ಮೆತ್ತಗೆ ಮಾಡ್ಕೊಂಡು ಬಂದದ್ದನ್ನ ನಾವು ದುಡ್ಡು ಕೊಟ್ಟು ಹಳೇ ಜಿಪ್ಸಿ ಮಾಡ್ತಿದೀವಿ. ಸುರುಳಿಯಲ್ಲೂ ಮೋಸ ಹೋಗೋದು ದಪ್ಪದಲ್ಲೇ: ತಂತಿ 12 ಮಿ.ಮೀ. ಇದ್ದದ್ದು 13 ಆದ್ರೆ, ಉಳಿದದ್ದೆಲ್ಲ ಅದೇ ಇದ್ರೂ, ಗಡಸು ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರುತ್ತೆ. ಕಬ್ಬಿಣದ ಭಾರೀ ಬಂಪರ್, ವಿಂಚ್ ಹೊರೋ ಗಾಡಿಗೆ ಅಂತ ಮಾಡಿದ ಸ್ಪ್ರಿಂಗನ್ನ ಅವೆರಡೂ ಇಲ್ಲದ ಗಾಡಿಗೆ ಹಾಕಿದ್ರೆ ಮೂತಿ ಮೇಲೆತ್ತಿ ನಿಲ್ಲುತ್ತೆ, ಪ್ರತಿ ಹಂಪಿಗೂ ಕುಣಿಯುತ್ತೆ. ಕೊಳ್ಳೋ ಮುಂಚೆ ಎಷ್ಟು ಇಂಚು ಅಂತ ಕೇಳಬೇಡಿ, ಎಷ್ಟು ಕೆಜಿಗೆ ಒಂದು ಸೆಂಟಿಮೀಟರ್ ಅಂತ ಕೇಳಿ. ಅಂಗಡಿಯವನು ಹೇಳೋಕೆ ಆಗದಿದ್ರೆ ವಾಪಸ್ ಬನ್ನಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಜನ ಕೂತಿದ್ದಾಗ ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ಮೊದಲು ನೋಡೋದು ಗಾಡಿಯ ಕೆಳಗೆ.

ನಾನು ಕೊನೆಗೆ ಏನು ಮಾಡಿದೆ ಅಂದ್ರೆ, ದಪ್ಪ ಪಟ್ಟಿ ತೆಗೆಸಿ, ಹಳೇ ಆರು ಪಟ್ಟಿಯ ಕಮಾನನ್ನ ಮೊದಲಿನ ಅಳತೆಗೆ ಏರಿಸಿ ಕೂರಿಸಿದೆ. ಕಮಾನು ಏರಿಸಿದ್ರೆ ಎತ್ತರ ವಾಪಸ್ ಬರುತ್ತೆ, ಗಡಸು ಏರಲ್ಲ. ಆದ್ರೆ ಕಾಯಿಸಿ ಹದ ಹಾಕೋದು ಗೊತ್ತಿದ್ದವರ ಕೈಲೇ ಮಾಡಿಸ್ಬೇಕು, ಇಲ್ಲದಿದ್ರೆ ಒಂದೇ ಮಳೆಗಾಲಕ್ಕೆ ಮತ್ತೆ ಇಳಿಯುತ್ತೆ. ಪಟ್ಟಿಗಳ ನಡುವಿನ ತುಕ್ಕು ಉಜ್ಜಿ ಗ್ರೀಸ್ ಹಾಕಿದೆ, ಸವೆದ ಬುಶ್ ಬದಲಾಯಿಸಿದೆ, ಹೊಸ ಶಾಕ್ ಹಾಕಿದೆ. ಹಿಂದಿನ ಸೀಟಿಗೆ ನಾಲ್ಕಿಂಚು ಫೋಮ್ ಹೊಲಿಸಿದೆ. ತೋಟದ ದಾರಿಗೆ ಇಳಿಯೋ ಮುಂಚೆ ಟೈರ್ ಗಾಳಿ ಸ್ವಲ್ಪ ಇಳಿಸ್ತೀನಿ, ಡಾಂಬರ್ ರಸ್ತೆಗೆ ಬಂದ ಮೇಲೆ ತುಂಬಿಸ್ತೀನಿ. ಕೊರಕಲಿಗೆ ಎರಡು ಟ್ರ್ಯಾಕ್ಟರ್ ಗ್ರಾವೆಲ್ ಹೊಡೆಸಿದೆ. ಮೊದಲೇ ಅದೊಂದನ್ನ ಮಾಡಿದ್ರೆ ಉಳಿದ ಯಾವುದೂ ಬೇಕಿರಲಿಲ್ಲ.

ಹಿರಿಯಾಕೆ ಈ ಸಲ ಜೀಪು ಹತ್ತಿದ್ರು. ಸೊಂಟ ಹಿಡಿದಾಕೆ ಮಾತ್ರ ಮುಂದಿನ ಸೀಟಲ್ಲೇ ಕೂರ್ತಾರೆ, ಹಿಂದೆ ಕೂರೋಕೆ ಈಗಲೂ ಒಪ್ಪಲ್ಲ. ನಾನು ಒತ್ತಾಯ ಮಾಡಲ್ಲ.

ನಿಮ್ಮ ಗಾಡಿನ ಅಳೆದು ನೋಡಬೇಕು ಅನ್ನಿಸಿದ್ರೆ ಭಾನುವಾರ ಬೆಳಿಗ್ಗೆ ತೋಟದ ಕಡೆ ಬನ್ನಿ, ಚೀಲ, ಟೇಪು ಎರಡೂ ಇದೆ. ತೆಗೆಸಿದ ನಾಲ್ಕು ದಪ್ಪ ಪಟ್ಟಿಯಲ್ಲಿ ಒಂದನ್ನ ಕುಲುಮೆಗೆ ಕೊಟ್ಟು ಎರಡು ಕತ್ತಿ ಮಾಡಿಸಿದೆ, ಒಳ್ಳೇ ಹರಿತ ಬಂದಿದೆ. ಇನ್ನೂ ಮೂರು ಕೊಟ್ಟಿಗೆ ಮೂಲೇಲಿ ಬಿದ್ದಿದಾವೆ. ಕತ್ತಿಗೆ ಬೇಕಾದೋರು ತಗೊಂಡು ಹೋಗಿ, ಜೀಪಿಗೆ ಅಂದ್ರೆ ಕೊಡಲ್ಲ.