ದುರ್ಬೀನಿನ ಕೆಲಸ ದೂರ ತೋರಿಸುವುದಷ್ಟೇ ಅಲ್ಲ

ಹಕ್ಕಿ ನೋಡುವ ಆಸೆ ಈಗಷ್ಟೇ ಚಿಗುರಿದವರಿಗೆ ದುರ್ಬೀನು ಕೊಡಿಸುವ ಮಾತು ಬಂದಾಗ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಸಲಹೆ ಕೇಳಿಬರುತ್ತದೆ: ಸದ್ಯಕ್ಕೆ ಸಾವಿರ ರೂಪಾಯಿಯದು ಸಾಕು, ಆಸಕ್ತಿ ಉಳಿದರೆ ಆಮೇಲೆ ಒಳ್ಳೆಯದು ನೋಡೋಣ. ಜಾಣತನದ ಲೆಕ್ಕದಂತೆಯೇ ಕೇಳಿಸುತ್ತದೆ. ಆದರೆ ಲೆಕ್ಕ ತಲೆಕೆಳಗಾಗಿದೆ. ಇಪ್ಪತ್ತು ವರ್ಷ ಹಕ್ಕಿ ನೋಡಿದವರು ಕೂಗಿನಿಂದ, ಹಾರುವ ಧಾಟಿಯಿಂದ, ಕೂತ ಭಂಗಿಯಿಂದಲೇ ಅರ್ಧ ಗುರುತು ಹಿಡಿದುಬಿಡುತ್ತಾರೆ. ಅವರ ಕೈಗೆ ಮಸುಕು ಗಾಜು ಕೊಟ್ಟರೂ ಹೇಗೋ ನಡೆಯುತ್ತದೆ. ಹೊಸಬರಿಗೆ ಇರುವುದು ಕಣ್ಣೊಂದೇ. ಆ ಕಣ್ಣಿಗೆ ಹಕ್ಕಿ ಸರಿಯಾಗಿ ಕಾಣದಿದ್ದರೆ ಅವರು ದುರ್ಬೀನನ್ನು ದೂರುವುದಿಲ್ಲ, ‘ಇದೆಲ್ಲ ನನಗೆ ಬರೋದಿಲ್ಲ’ ಎಂದುಕೊಳ್ಳುತ್ತಾರೆ. ದುರ್ಬೀನು ಕಪಾಟು ಸೇರುತ್ತದೆ, ಆಸೆಯೂ ಅದರ ಹಿಂದೆಯೇ ಹೋಗುತ್ತದೆ.

ಒಂದು ಊರನ್ನು ಮುಂದಿಟ್ಟುಕೊಂಡರೆ ವಿಷಯ ಸುಲಭವಾಗುತ್ತದೆ. ಕೆಲಸದ ಮೇಲೆ ನಾಸಿಕ ಜಿಲ್ಲೆಯ ದಿಂಡೋರಿಯಲ್ಲಿ ನೆಲೆಸಿದ ಅಕ್ಕನಿಗೆ ಹುಬ್ಬಳ್ಳಿಯ ತಮ್ಮನೊಬ್ಬ ದುರ್ಬೀನು ಕಳಿಸಬೇಕೆಂದಿದ್ದಾನೆ ಎಂದಿಟ್ಟುಕೊಳ್ಳೋಣ. ದಿಂಡೋರಿ ಎಂದರೆ ದ್ರಾಕ್ಷಿ ತೋಟ, ಟೊಮೆಟೊ ಹೊಲ, ಸುತ್ತ ನಾಲ್ಕಾರು ಅಣೆಕಟ್ಟಿನ ಹಿನ್ನೀರು. ತಂತಿಯ ಮೇಲೆ ಕಾಜಾಣ, ಬೇಲಿಯ ಹೂವಿನಲ್ಲಿ ಸೂರಕ್ಕಿ, ನೀರಿನಂಚಿನಲ್ಲಿ ಮಿಂಚುಳ್ಳಿ. ಈ ತಾಲ್ಲೂಕಿನಲ್ಲಿ ಹರಿಯುವ ಕಾದ್ವಾ ನದಿ ನಿಫಾಡ್ ತಾಲ್ಲೂಕಿನ ನಾಂದೂರ್ ಮಧ್ಯಮೇಶ್ವರದಲ್ಲಿ ಗೋದಾವರಿಗೆ ಸೇರುತ್ತದೆ. ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣವಾದ ಜೌಗು ಪ್ರದೇಶ ಅದೇ. ಗೋದಾವರಿ ಅಲ್ಲಿಂದ ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಜಲಾಶಯವಾಗಿ ಹರಡಿಕೊಳ್ಳುತ್ತದೆ. ಅಲ್ಲೂ ಪಕ್ಷಿಧಾಮವಿದೆ. ಅಕ್ಕನಿಗೆ ನೋಡಲು ಹಕ್ಕಿಗಳ ಕೊರತೆಯಿಲ್ಲ. ಕೊರತೆಯಾದರೆ ಆಗುವುದು ಗಾಜಿನದು.

ತಮ್ಮ ಮೊದಲು ಎಡವುವುದು ಸಂಖ್ಯೆಯಲ್ಲಿ. ದುರ್ಬೀನು ಎಂಬ ಫಾರಸಿ ಮೂಲದ ಪದಕ್ಕೆ ದೂರ ನೋಡುವಂಥದ್ದು ಎಂದೇ ಅರ್ಥ. ಹೆಚ್ಚು ದೂರ ತೋರಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಹೆಸರಿನಲ್ಲೇ ಇದೆ. ದುರ್ಬೀನಿನ ಮೇಲೆ ಬರೆದಿರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ಹಿರಿದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿ.ಮೀ.ಗಳಲ್ಲಿ. 20 ಪಟ್ಟು ಹಿರಿದಾಗುವಾಗ ಕೈ ನಡುಕವೂ 20 ಪಟ್ಟು ಹಿರಿದಾಗುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಸಾವಿರ ಮೀಟರ್ ದೂರದಲ್ಲಿ ಒಳ್ಳೆಯ 8×42 ದುರ್ಬೀನು ಸುಮಾರು 130 ಮೀಟರ್ ಅಗಲದ ನೋಟ ಕೊಟ್ಟರೆ, 20 ಪಟ್ಟಿನದು ಅದರ ಅರ್ಧವನ್ನೂ ಕೊಡುವುದು ಕಷ್ಟ. ಕೊಂಬೆಯಿಂದ ಕೊಂಬೆಗೆ ಜಿಗಿಯುವ ಸೂರಕ್ಕಿಯನ್ನು ಅಂಥ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ.

ಬೆಳಕಿನ ಲೆಕ್ಕವೂ ಇದೇ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಟ್ಟಿನ ಅಗಲ ಸಿಗುತ್ತದೆ. 8×42ರಲ್ಲಿ ಅದು 5.25 ಮಿ.ಮೀ., ಜೇಬಿನಲ್ಲಿಡುವ 10×25ರಲ್ಲಿ 2.5. ನಡುಹಗಲಿನಲ್ಲಿ ವ್ಯತ್ಯಾಸ ಅಷ್ಟು ತಿಳಿಯದು. ಆದರೆ ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಮಬ್ಬಿನಲ್ಲಿ, ಸಂಜೆಯ ಇಳಿಬೆಳಕಿನಲ್ಲಿ. ಬೀದಿಬದಿಯಲ್ಲೂ ಆನ್‌ಲೈನಿನಲ್ಲೂ ಮಾರುವ, ಅಂಗೈಯಲ್ಲಿ ಹಿಡಿಯುವ ‘30×60’ ದುರ್ಬೀನುಗಳ ಲೆನ್ಸಿಗೆ ಶಾಲೆಯ ಸ್ಕೇಲು ಹಿಡಿದು ನೋಡಿದರೆ ಸಾಕು: 60 ಮಿ.ಮೀ. ಎಂದರೆ ಆರು ಸೆಂಟಿಮೀಟರ್, ಅಷ್ಟು ಅಗಲದ ಗಾಜು ಅಲ್ಲಿರುವುದೇ ಇಲ್ಲ. ಲೆನ್ಸು ಕೆಂಪಗೆ ಹೊಳೆಯುತ್ತಿದ್ದರಂತೂ ಬೇಡವೇ ಬೇಡ. ಆ ಲೇಪ ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಹಕ್ಕಿಯ ಬಣ್ಣವೇ ಬದಲಾಗಿ ಕಾಣುತ್ತದೆ. ಗುರುತು ಹಿಡಿಯಲು ಹೊಸಬರು ನಂಬುವುದು ಬಣ್ಣವನ್ನೇ.

ಎರಡನೆಯ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮೊದಲು ತಮ್ಮನೇ ಕೇಳಿಕೊಳ್ಳಬೇಕು: ಅಕ್ಕ ಕನ್ನಡಕ ಹಾಕುತ್ತಾಳೆಯೇ? ಕನ್ನಡಕ ತೆಗೆಯದೆ ಪೂರ್ತಿ ನೋಟ ಸಿಗಬೇಕಾದರೆ, ಹಿಂದಿನ ಗಾಜಿನಿಂದ ಕಣ್ಣು ಕನಿಷ್ಠ 15–16 ಮಿ.ಮೀ. ದೂರವಿದ್ದರೂ ಚಿತ್ರ ಕಾಣುವಂತಿರಬೇಕು. ಕಡಿಮೆ ಬೆಲೆಯಲ್ಲಿ ಹೆಸರುವಾಸಿಯಾದ ನಿಕಾನ್ ಅಕ್ಯುಲಾನ್ 8×42, ಒಲಿಂಪಸ್ 8×40 ಡಿಪಿಎಸ್ ಎರಡರಲ್ಲೂ ಈ ಅಂತರ ಸುಮಾರು 12 ಮಿ.ಮೀ. ಮಾತ್ರ. ಬರಿಗಣ್ಣಿನವರಿಗೆ ಎರಡೂ ಕೊಟ್ಟ ಹಣಕ್ಕೆ ಮೋಸವಿಲ್ಲದ ದುರ್ಬೀನುಗಳು: ನೋಟ ಅಗಲ, ಚಿತ್ರ ಬೆಳಕಾಗಿದೆ. ಕನ್ನಡಕದವರಿಗೆ ಅಂಚು ಕತ್ತರಿಸಿದಂತೆ ಕಾಣುತ್ತದೆ. ಅವರಿಗೆ ನಿಕಾನ್ ಪ್ರೊಸ್ಟಾಫ್ ಪಿ3 8×42ರಂಥದ್ದು ವಾಸಿ. ಬೆಲೆ ಮೇಲಿದ್ದರೂ ಅಂತರ ಸುಮಾರು 20 ಮಿ.ಮೀ., ತೂಕ 600 ಗ್ರಾಮಿಗಿಂತ ಕಡಿಮೆ, ಮಳೆನೀರಿಗೂ ಹೆದರಬೇಕಿಲ್ಲ. ಮೊದಲಿನವೆರಡೂ 700 ಗ್ರಾಮ್ ದಾಟುತ್ತವೆ, ನೀರು ತಡೆಯುವುದಿಲ್ಲ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ಇಷ್ಟಕ್ಕೆಲ್ಲ ಏಳೆಂಟು ಸಾವಿರವೋ ಇನ್ನೂ ಹೆಚ್ಚೋ ಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಷ್ಟೋ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಅಣ್ಣತಮ್ಮಂದಿರು ಸೇರಿ ಹಣ ಹಾಕಬಹುದು. ಹಳೆಯದು ಸಿಕ್ಕರೂ ಆಗಬಹುದು, ಆದರೆ ಕೈಯಲ್ಲಿ ಹಿಡಿದು ಪರೀಕ್ಷಿಸದೆ ಕೊಳ್ಳಬಾರದು: ಒಳಗೆ ಬೂಷ್ಟಿನ ಎಳೆ ಕಂಡರೆ, ಎರಡು ಕಣ್ಣಿನ ಚಿತ್ರ ಒಂದಾಗದಿದ್ದರೆ ಬಿಟ್ಟುಬಿಡಬೇಕು. ಅದೂ ಆಗದಿದ್ದರೆ ಈ ವರ್ಷ ಪುಸ್ತಕ ಕೊಡುವುದೇ ಮೇಲು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ, ಅಕ್ಕನಿಗೆ ಮರಾಠಿ ಓದಲು ಬಂದರೆ ಮಾರುತಿ ಚಿತಂಪಲ್ಲಿಯವರ ‘ಪಕ್ಷಿಕೋಶ’ ಇದೆ. ಬರಿಗಣ್ಣಿನಲ್ಲಿ ನೋಡಿ ಪುಸ್ತಕ ತಿರುವುವವರ ಆಸಕ್ತಿ ಬೆಳೆಯುತ್ತದೆ. ಕೆಟ್ಟ ದುರ್ಬೀನಿನಲ್ಲಿ ನೋಡಿ ತಲೆನೋವು ತರಿಸಿಕೊಂಡವರದು ಸಾಯುತ್ತದೆ.

ಹಣ ಕೂಡಿ ದುರ್ಬೀನು ಕೊಂಡದ್ದಾದರೆ ಪೆಟ್ಟಿಗೆಯನ್ನಷ್ಟೇ ಕಳಿಸಿ ಸುಮ್ಮನಾಗಬಾರದು. ಫೋನಿನಲ್ಲಾದರೂ ಐದು ನಿಮಿಷ ಹೇಳಿಕೊಡಬೇಕು. ಕನ್ನಡಕವಿದ್ದರೆ ಕಣ್ಣಿನ ಬಳಿಯ ರಬ್ಬರ್ ಬಳೆ ಒಳಗೆ, ಇಲ್ಲದಿದ್ದರೆ ಹೊರಗೆ. ನಡುವೆ ಮಡಚಿ ಎರಡು ವೃತ್ತ ಒಂದಾಗುವಂತೆ ಮಾಡಿಕೊಳ್ಳಬೇಕು. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಂಡು, ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಬಳೆ ತಿರುಗಿಸಿ ಅದಕ್ಕೂ ಸರಿಪಡಿಸಬೇಕು. ಇದನ್ನು ಒಮ್ಮೆ ಮಾಡಿಟ್ಟರೆ ಮುಂದೆ ನಡುವಿನ ಚಕ್ರವೊಂದೇ ಸಾಕು. ಹಕ್ಕಿ ಕಂಡಾಗ ಅದರ ಮೇಲಿನ ಕಣ್ಣು ತೆಗೆಯದೆ ದುರ್ಬೀನನ್ನೇ ಕಣ್ಣಿಗೆ ತರಬೇಕು. ಈ ಐದು ನಿಮಿಷ ಸಿಗದೆ ಒಳ್ಳೆಯ ದುರ್ಬೀನುಗಳೂ ಕಪಾಟು ಸೇರಿವೆ.