ತಾಳ್ಯದ ಬಂಡೆಯಲ್ಲಿ ಹಿಮದ ಗುರುತು

ನಮ್ಮ ಹರಪನಹಳ್ಳಿ ಸೀಮೆಯ ನೀಲಗುಂದದ ಭೀಮೇಶ್ವರ ಗುಡಿಗೆ ಬಂದವರು ಕಂಬದ ನುಣುಪು, ಬಾಗಿಲವಾಡದ ಕುಸುರಿ ನೋಡಿ ಬೆರಗಾಗುತ್ತಾರೆ. ಅಲೆಕ್ಸಾಂಡರ್ ರೀ 1896ರಲ್ಲಿ ಹೊರತಂದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಗುಡಿಗಳ ಸಾಲಿಗೆ ಇದೂ ಸೇರಿದೆ. ಚಾಲುಕ್ಯರ ಕಾಲದ ಈ ಕುಸುರಿಗೆ ಒದಗಿದ್ದು ಉಳಿಗೆ ಬೇಗ ಮಣಿಯುವ ಬಳಪದ ಕಲ್ಲು. ಇಂಥ ಕಲ್ಲು ಸಿಗುವುದು ಧಾರವಾಡ ಶಿಲೆಗಳ ಪಟ್ಟಿಗಳಲ್ಲಿ. ಅವುಗಳಲ್ಲಿ ದೊಡ್ಡದೊಂದು ಗದಗಿನ ಕಡೆಯಿಂದ ಬಂದು, ತುಂಗಭದ್ರೆಯನ್ನು ದಾಟಿ, ನಮ್ಮ ಸೀಮೆಯ ಮಗ್ಗುಲಲ್ಲೇ ಚಿತ್ರದುರ್ಗದತ್ತ ಇಳಿದುಹೋಗುತ್ತದೆ. ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನೆಲ್ಲ ಸುತ್ತಿ 1895ರಲ್ಲಿ ವರದಿ ಬರೆದರು. ಆಗ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಎಲ್ಲವೂ ಆ ಜಿಲ್ಲೆಯವೇ.

ಆ ಪಟ್ಟಿಯ ಬಂಡೆಗಳಲ್ಲಿ ಎಷ್ಟೋ ಕಡಲಿನಲ್ಲಿ ಹುಟ್ಟಿದವು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಹೋದರೆ ನೀರಿನೊಳಗೆ ಉಕ್ಕಿ, ತಣ್ಣಗಾಗಿ, ದಿಂಬು ದಿಂಬಾಗಿ ಗಟ್ಟಿಯಾದ ಲಾವಾ ಕಾಣುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾನು ಇವತ್ತು ಹೇಳಹೊರಟಿರುವುದು ಅದೇ ಜಿಲ್ಲೆಯ ಇನ್ನೊಂದು ಬಂಡೆಯ ವಿಷಯ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಸರನ್ನು ಹೊತ್ತ ಗುಂಡುಗಲ್ಲಿನ ಬಂಡೆ ಅದು. ಭೂವಿಜ್ಞಾನಿಗಳು ತಾಳ್ಯ ಕಾಂಗ್ಲೊಮರೇಟ್ ಎನ್ನುತ್ತಾರೆ. ವಯಸ್ಸು ಸುಮಾರು 270 ಕೋಟಿ ವರ್ಷ. 2014ರಲ್ಲಿ ರಿಚರ್ಡ್ ಒಜಕಾಂಗಸ್, ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಇದು ಹಿಮ ತಂದು ಕಡಲಿಗೆ ಸುರಿದ ಕಲ್ಲು ಎಂದು ವಾದಿಸಿದರು. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ನನಗೆ ಅದನ್ನು ಓದಿದಾಗ ಆದ ರೋಮಾಂಚನ ಇನ್ನೂ ಇಳಿದಿಲ್ಲ.

ವಾದದ ತಿರುಳು ನಮ್ಮ ರೈತರಿಗೆ ಒಂದೇ ಮಾತಿನಲ್ಲಿ ಅರ್ಥವಾಗುವಂಥದ್ದು. ಚಿಕ್ಕಹಗರಿ ಹೊಳೆಯ ಪಾತ್ರದಲ್ಲಿ ನಡೆದವರಿಗೆ ನೀರಿನ ಕೆಲಸ ಗೊತ್ತು. ಸೆಳವು ಜೋರಾಗಿರುವಲ್ಲಿ ಗುಂಡು ನಿಲ್ಲುತ್ತದೆ, ಮುಂದೆ ಗರಸು, ಅದರ ಮುಂದೆ ಮರಳು, ನೀರು ನಿಂತಲ್ಲಿ ಕೆಸರು. ಹರಿಯುವ ನೀರು ಜರಡಿ ಹಿಡಿಯುತ್ತದೆ. ಹಿಮಕ್ಕೆ ಆ ಗುಣವಿಲ್ಲ. ಸಿಕ್ಕಿದ್ದನ್ನೆಲ್ಲ, ಬಂಡೆಯಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೆ, ಒಟ್ಟಿಗೇ ಹೊತ್ತು ತಂದು ಕರಗಿದ ಕಡೆ ಒಟ್ಟಿಗೇ ಬಿಡುತ್ತದೆ. ತಾಳ್ಯದ ಬಂಡೆಯಲ್ಲಿ ಕಾಣುವುದು ಅದು: ನಯವಾದ ಕೆಸರಿನಿಂದಾದ ಶಿಲೆಯ ನಡುವೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಕಲ್ಲುಗಳು, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಕೂತಿವೆ. ಸಣ್ಣ ಕೆಸರು ನೆಲೆಸುವಷ್ಟು ನಿಶ್ಚಲವಾದ ನೀರಿಗೆ ಇಷ್ಟು ದಪ್ಪ ಕಲ್ಲು ಯಾರು ತಂದರು? ತೇಲುವ ಹಿಮಗುಡ್ಡಗಳು ತಂದವು ಎಂಬುದು ಅವರ ಉತ್ತರ. ಕರಗುತ್ತ ಕರಗುತ್ತ, ಹೊಟ್ಟೆಯಲ್ಲಿದ್ದ ಕಲ್ಲನ್ನು ಮೇಲಿನಿಂದ ಬೀಳಿಸಿದವು. ಹಾಗೆ ಬಿದ್ದ ಕಲ್ಲಿನ ಅಡಿಯಲ್ಲಿ ಕೆಸರಿನ ಪದರ ಕೆಳಕ್ಕೆ ಬಾಗುತ್ತದೆ. ಆಮೇಲೆ ನೆಲೆಸಿದ ಪದರ ಕಲ್ಲಿನ ನೆತ್ತಿಯ ಮೇಲೆ ಹೊದ್ದುಕೊಳ್ಳುತ್ತದೆ. ಯಾವ ಬಂಡೆಯಲ್ಲೇ ಆಗಲಿ, ಭೂವಿಜ್ಞಾನಿ ಮೊಣಕಾಲೂರಿ ಹುಡುಕುವುದು ಆ ಬಾಗನ್ನೇ.

ಆದರೆ ಸಂಶಯಕ್ಕೂ ಜಾಗ ಇದೆ. ಕಡಲಿನೊಳಗೆ ಇಳಿಜಾರು ಕುಸಿದರೆ ಕೆಸರೂ ಕಲ್ಲೂ ಕಲಸಿಕೊಂಡು ಜಾರಿ ಬಂದು ಇಂಥದೇ ಮಿಶ್ರಣ ಆಗಬಲ್ಲದು. ಮೇಲಾಗಿ ಇದು 270 ಕೋಟಿ ವರ್ಷ ಹಳೆಯ, ಮಡಿಚಿ, ಒತ್ತಿ, ಬೇಯಿಸಿದ ಬಂಡೆ. ಕಲ್ಲಿನ ಮೈಮೇಲೆ ಹಿಮ ಗೀಚಿದ ಗೆರೆಗಳು ಉಳಿಯುವುದು ಕಷ್ಟ. ಒಡಿಶಾದ ತಾಲ್ಚೇರಿನಲ್ಲಿ ಬ್ಲಾನ್‌ಫರ್ಡ್ ಸಹೋದರರು 1856ರಲ್ಲಿ ಇಂಥ ಗುಂಡುಗಲ್ಲಿನ ಪದರ ನೋಡಿ ಹಿಮದ ಮಾತೆತ್ತಿದಾಗ, ಉಷ್ಣವಲಯದಲ್ಲಿ ಎಂಥ ಹಿಮ ಎಂದು ಹುಬ್ಬೇರಿಸಿದವರಿದ್ದರು. 1875ರಲ್ಲಿ ಈಗಿನ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಇರೈ ಬಳಿ, ಅದೇ ತಾಲ್ಚೇರ್ ಪದರದ ಅಡಿಯಲ್ಲಿ, ಹಿಮ ಗೀಚಿ ಉಜ್ಜಿದ ಸುಣ್ಣಕಲ್ಲಿನ ನೆಲವೇ ಸಿಕ್ಕಿತು. ತಾಲ್ಚೇರ್ ಪದರದ ವಯಸ್ಸು ಬರೀ 30 ಕೋಟಿ ವರ್ಷದ ಆಸುಪಾಸು. ತಾಳ್ಯಕ್ಕೆ ಅಂಥ ಭಾಗ್ಯವಿಲ್ಲ. ಹಾಗಾಗಿ ಹಿಮವೂ ಕಡಲೂ ಇವತ್ತಿಗೂ ಸಂಧಿಸುವ ಜಾಗಕ್ಕೆ ಹೋಗಿ, ಹಿಮ ನಿಜವಾಗಿ ಕಡಲತಳದಲ್ಲಿ ಏನು ಮಾಡುತ್ತದೆ ಎಂದು ನೋಡಿಕೊಂಡು ಬಂದು ಹೋಲಿಸಬೇಕು.

ಅಂಥ ಒಂದು ಜಾಗದ ದಡದಲ್ಲೇ ಭಾರತದ ಮನೆಯಿದೆ. ಅಂಟಾರ್ಕ್ಟಿಕಾದ ಲಾರ್ಸ್‌ಮನ್ ಗುಡ್ಡಗಳಲ್ಲಿ 2012ರಲ್ಲಿ ಶುರುವಾದ ಭಾರತಿ ಸಂಶೋಧನಾ ಕೇಂದ್ರ ನಿಂತಿರುವುದು ಪ್ರಿಡ್ಜ್ ಕೊಲ್ಲಿಯ ತೀರದಲ್ಲಿ. ಜಗತ್ತಿನ ಅತಿ ದೊಡ್ಡ ಹಿಮನದಿಗಳಲ್ಲೊಂದಾದ ಲ್ಯಾಂಬರ್ಟ್, ಕಡಲ ಮೇಲೆ ಚಾಚಿ ತೇಲುವ ಏಮರಿ ಹಿಮಚಾಚಿನ ಮೂಲಕ ಅದೇ ಕೊಲ್ಲಿಗೆ ಇಳಿಯುತ್ತದೆ. ಗೊಂಡ್ವಾನ ಮಹಾಖಂಡ ಒಡೆಯುವ ಮುನ್ನ ನಮ್ಮ ಪೂರ್ವ ಕರಾವಳಿ ಅಂಟಾರ್ಕ್ಟಿಕಾದ ಆ ಮಗ್ಗುಲಿಗೇ ಅಂಟಿಕೊಂಡಿತ್ತು.

ಆ ಕೊಲ್ಲಿಯ ತಳವನ್ನು ಕಣ್ಣಿನಿಂದ ನೋಡಲಾಗದು, ಸದ್ದಿನಿಂದ ನೋಡಬೇಕು. ಹಡಗಿನ ಹಿಂದೆ ಒತ್ತಿದ ಗಾಳಿಯನ್ನು ನೀರಿಗೆ ಸಿಡಿಸುವ ಏರ್‌ಗನ್ ಇರುತ್ತದೆ. ಅದರ ಹಿಂದೆ ಉದ್ದಕ್ಕೆ ಎಳೆದ ಕೇಬಲ್‌ನಲ್ಲಿ ನೀರಿನೊಳಗಿನ ಸದ್ದು ಹಿಡಿಯುವ ಮೈಕುಗಳ ಸಾಲು. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋಗಿ ತಟ್ಟಿ ಬರಲು ಒಂದು ಸೆಕೆಂಡ್ ಹಿಡಿದರೆ ನೀರಿನ ಆಳ 750 ಮೀಟರ್. ಸದ್ದಿನ ಒಂದು ಪಾಲು ತಳದಲ್ಲೇ ಹಿಂದಿರುಗುತ್ತದೆ, ಉಳಿದದ್ದು ಒಳಗಿಳಿದು ಮೆತ್ತನೆ ಪದರ ಗಟ್ಟಿ ಪದರಕ್ಕೆ ತಾಗುವಲ್ಲೆಲ್ಲ ಸ್ವಲ್ಪ ಸ್ವಲ್ಪ ಮರಳುತ್ತದೆ. ಹಡಗು ಸಾಗಿದಂತೆ ಆ ಮರುಸದ್ದುಗಳನ್ನು ಪಕ್ಕಪಕ್ಕ ಜೋಡಿಸಿದರೆ ಕಡಲತಳದ ಒಳಗಿನ ಸೀಳುನೋಟ ಮೂಡುತ್ತದೆ. ಏರ್‌ಗನ್ ಸದ್ದು ತಿಮಿಂಗಿಲಗಳನ್ನು ಕಾಡುವುದೂ ನಿಜ. ಅವು ಹತ್ತಿರ ಕಂಡರೆ ಕೆಲಸ ನಿಲ್ಲಿಸಬೇಕೆಂಬ ಕಟ್ಟುಪಾಡು ಕಟ್ಟುನಿಟ್ಟಾಗಿ ನಡೆಯಲೇಬೇಕು ಎನ್ನುವವನು ನಾನು.

ಆ ಸೀಳುನೋಟದಲ್ಲಿ ಹಿಮದ ಕೈಬರಹ ಎದ್ದು ಕಾಣುತ್ತದೆ. ಬೇರೆ ಕಡೆ ಖಂಡಾವರಣದ, ಅಂದರೆ ಖಂಡದ ಅಂಚಿನಲ್ಲಿ ನೀರಿನಡಿ ಚಾಚಿರುವ ನೆಲದ, ತಳ ದಡದಿಂದ ದೂರ ಹೋದಂತೆ ಆಳವಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಅನೇಕ ಕಡೆ ತಿರುವುಮುರುವು, ದಡದ ಕಡೆಗೇ ಆಳ. ಅಲ್ಲಿ ಹಿಮ ನೆಲಕ್ಕೂರಿ ಮತ್ತೆ ಮತ್ತೆ ಕೆತ್ತಿದೆ. ಓರೆಯಾಗಿ ಮಲಗಿದ್ದ ಹಳೆಯ ಪದರಗಳ ತಲೆಯನ್ನು ಒಂದೇ ಗೆರೆಯಲ್ಲಿ ಸವರಿ ಹಾಕಿದಂತೆ ಕಾಣುವಲ್ಲಿ ಹಿಮಹಾಸು ಒಮ್ಮೆ ಮುಂದೊತ್ತಿ ಬಂದಿತ್ತೆಂದು ತಿಳಿಯಬೇಕು. ಅದು ಬಂದು ನಿಂತ ಅಂಚಿನಲ್ಲಿ ಬೆಣೆಯಾಕಾರದ ಕೆಸರಿನ ದಿಬ್ಬ ಉಳಿಯುತ್ತದೆ. ಖಂಡಾವರಣದ ತುದಿಯವರೆಗೂ ಬಂದಿದ್ದರೆ ಹೊತ್ತ ಸರಕೆಲ್ಲ ಇಳಿಜಾರಿಗೆ ಸುರಿದು ದೊಡ್ಡ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಪ್ರಿಡ್ಜ್ ಕೊಲ್ಲಿಯಲ್ಲಿ ಈ ಮೂರೂ ಇವೆ.

ಗೆರೆ ಎಳೆದರೆ ಸಾಲದು, ಅದಕ್ಕೆ ತಾರೀಖು ಬೇಕು. ಅದಕ್ಕೆ ಕೊರೆಯಬೇಕು. ನಮ್ಮ ಕಡೆ ಬೋರು ಕೊರೆಸುವ ಮುಂಚೆ ಪಾಯಿಂಟು ನೋಡಿಸುವ ಹಾಗೆ, ಅಲ್ಲಿ ಈ ಸದ್ದಿನ ಸರ್ವೆ, ಅಂದರೆ ಸೀಸ್ಮಿಕ್ ಸರ್ವೆ, ಮಾಡಿ ಜಾಗ ಗೊತ್ತುಮಾಡಿ ಆಮೇಲೆ ಕೊರೆಯುತ್ತಾರೆ. ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು 1988ರಲ್ಲಿ ಒಮ್ಮೆ, 2000ದಲ್ಲಿ ಇನ್ನೊಮ್ಮೆ ಪ್ರಿಡ್ಜ್ ಕೊಲ್ಲಿಯಲ್ಲಿ ಕೊರೆಯಿತು. ಸುಮಾರು 3.4 ಕೋಟಿ ವರ್ಷದ ಹಿಂದೆಯೇ ಅಲ್ಲಿಗೆ ಹಿಮ ಬಂದಿತ್ತೆಂದು ತಿಳಿದುಬಂತು. ಅದಕ್ಕಿಂತ ಕೆಳಗಿನ ಪದರದಲ್ಲಿ ಗಿಡಮರಗಳ ಪರಾಗ ಸಿಕ್ಕಿತು. ಹಸಿರಿದ್ದ ನೆಲ ಹಿಮದ ನೆಲವಾದ ತಿರುವು ಒಂದು ಕೊಳವೆಯಷ್ಟು ಕೆಸರಿನಲ್ಲಿ ಸಿಕ್ಕಿದೆ. ಇನ್ನೂ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಕಳೆದ ಸುಮಾರು 7.8 ಲಕ್ಷ ವರ್ಷಗಳಲ್ಲಿ ಲ್ಯಾಂಬರ್ಟ್ ಹಿಮನದಿ ಖಂಡಾವರಣದ ತುದಿ ಮುಟ್ಟಿದ್ದು ಅಪರೂಪ. ತೀರಾ ಈಚಿನ ಹಿಮಯುಗದಲ್ಲೂ ಅದು ತುದಿಗೆ ಮುಂಚೆಯೇ ನಿಂತುಬಿಟ್ಟಿತ್ತು. ಹಿಮಯುಗ ಎಂದಾಕ್ಷಣ ಎಲ್ಲ ಹಿಮವೂ ಎಲ್ಲ ಕಡೆಯೂ ಕೊನೆಯ ಅಂಚಿನವರೆಗೆ ಬಂದಿತ್ತೆಂದು ಬಗೆಯುವುದು ತಪ್ಪು. ಒಂದೊಂದು ಕೊಲ್ಲಿಯನ್ನೂ ಪ್ರತ್ಯೇಕವಾಗಿ ಓದಬೇಕು.

ಹಿಮ ಮುಂದೆ ಬಂದದ್ದಕ್ಕಿಂತ ಹಿಂದೆ ಸರಿದ ವೇಗ ಇವತ್ತು ಹೆಚ್ಚು ಆತಂಕದ ವಿಷಯ. ನಾರ್ವೆಯ ಕಡಲತಳದಲ್ಲಿ ಸದ್ದಿನಿಂದಲೇ ತಯಾರಿಸಿದ ನಕ್ಷೆಗಳಲ್ಲಿ 7,600ಕ್ಕೂ ಹೆಚ್ಚು ಸಣ್ಣ ಏರುಗಳು ಸಾಲುಸಾಲಾಗಿ ಕಂಡವು. ಭರತ ಇಳಿತಕ್ಕೆ ಹಿಮದ ಅಂಚು ಎದ್ದು ಕೂತು, ದಿನಕ್ಕೆ ಎರಡರಂತೆ ಒತ್ತಿದ ಏರುಗಳು ಅವು. ಒಂದು ಏರಿನಿಂದ ಇನ್ನೊಂದಕ್ಕಿರುವ ದೂರ ಅಳೆದರೆ ಹಿಮ ಎಷ್ಟು ಬೇಗ ಹಿಂಜರಿಯಿತೆಂಬ ಲೆಕ್ಕ ಸಿಗುತ್ತದೆ. ದಿನಕ್ಕೆ 55 ಮೀಟರಿನಿಂದ 610 ಮೀಟರಿನವರೆಗೆ! 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕವಿದು. ಉಪಗ್ರಹಗಳು ಹಿಮವನ್ನು ಕಾಯತೊಡಗಿ ಕೆಲವೇ ದಶಕಗಳಾಗಿವೆ. ಆ ಲೆಕ್ಕ ಹೊರಬರುವವರೆಗೆ ಇಷ್ಟು ವೇಗವನ್ನು ಅವು ಕಂಡಿರಲಿಲ್ಲ. ಕಡಲತಳ ಕಂಡಿತ್ತು. ನೆಲದ ಹಿಮ ಕರಗಿದಷ್ಟೂ ಕಡಲು ಏರುವುದರಿಂದ ಮಂಗಳೂರು, ಕಾರವಾರದವರಿಗೆ ಇದು ದೂರದ ಮಾತಲ್ಲ. ಸುಮಾರು 20 ಸಾವಿರ ವರ್ಷದ ಹಿಂದೆ ಹಿಮ ಬಲಿತಿದ್ದಾಗ ಕಡಲಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗಿನ ಕರಾವಳಿ ಈಗಿನ ದಡದಿಂದ ಎಷ್ಟೋ ದೂರ, ಇವತ್ತು ನೀರಿನಡಿಯಲ್ಲಿದೆ.

ಇಷ್ಟೆಲ್ಲ ಓದಿಕೊಂಡು ತಾಳ್ಯಕ್ಕೆ ಬಂದರೆ ಆ ಬಂಡೆಯ ಬೆಲೆ ತಿಳಿಯುತ್ತದೆ. ಪ್ರಿಡ್ಜ್ ಕೊಲ್ಲಿಯಲ್ಲಿ ಹಡಗು, ಏರ್‌ಗನ್, ಕೇಬಲ್ ಎಲ್ಲ ಇಟ್ಟುಕೊಂಡು ನೆರಳಿನಂತೆ ಕಾಣುವಂಥ ಪದರವನ್ನು ಇಲ್ಲಿ ಬೆರಳಿನಿಂದ ಮುಟ್ಟಬಹುದು. ಧಾರವಾಡ ಪಟ್ಟಿಯ ಪದರಗಳು ಮಡಿಚಿ ಕಡಿದಾಗಿ ನಿಂತಿರುವುದರಿಂದ, ಅಲ್ಲಿ ನೂರಾರು ಮೀಟರ್ ಕೆಳಕ್ಕೆ ಕೊರೆಯಬೇಕಾದದ್ದನ್ನು ಇಲ್ಲಿ ಅಡ್ಡಕ್ಕೆ ನಡೆದುಕೊಂಡು ದಾಟಬಹುದು. ಮರಡಿಹಳ್ಳಿಗೆ ಸ್ಮಾರಕದ ಮನ್ನಣೆ ಸಿಕ್ಕಿದೆ, ತಾಳ್ಯಕ್ಕೆ ಸಿಕ್ಕಿಲ್ಲ. ಸಿಗಬೇಕು. ಜಲ್ಲಿ ಕ್ರಷರುಗಳ ಹಸಿವು ಬಲ್ಲ ಜಿಲ್ಲೆಗಳಲ್ಲಿ ಇದನ್ನು ಬೇಗ ಹೇಳುವುದು ಒಳ್ಳೆಯದು. ಹರಪನಹಳ್ಳಿ, ಕೊಟ್ಟೂರು, ಹಡಗಲಿಯ ಕಾಲೇಜುಗಳ ಪ್ರವಾಸದ ಬಸ್ಸು ಹಂಪಿಗೆ ಹೋಗಲಿ. ಒಂದು ವರ್ಷ ತಾಳ್ಯಕ್ಕೂ ಹೋಗಲಿ.

ಕೆಲಸ ಬಹಳ ಬಾಕಿಯಿದೆ. ತಾಳ್ಯದ ಕಲ್ಲನ್ನು ತಂದದ್ದು ಹಿಮವೇ ಆದರೆ, ಅದು ಯಾವ ದಿಕ್ಕಿನ ನೆಲದಿಂದ ಇಳಿದು ಬಂತು? ಬಂಡೆಯಲ್ಲಿ ಹುದುಗಿರುವ ಗ್ರಾನೈಟ್ ಗುಂಡುಗಳ ಜಿರ್ಕಾನ್ ಹರಳುಗಳ ವಯಸ್ಸು ಅಳೆದು, ಸುತ್ತಲ ಸೀಮೆಯ ಹಳೆಯ ನೈಸ್ ಶಿಲೆಗಳ ವಯಸ್ಸಿನೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಗುಂಡಿನ ತವರು ಸಿಕ್ಕರೆ ಹಿಮ ನಡೆದ ದಾರಿಯೂ ಸಿಕ್ಕೀತು. ಅದು ನಮ್ಮ ವಿಶ್ವವಿದ್ಯಾಲಯಗಳಲ್ಲೇ ಆಗಬಹುದಾದ ಕೆಲಸ.